ಹೊಸ ಆವೃತ್ತಿಯೂ ಹಳೆಯ ಬೆರಳುಗಳೂ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದು ನಮ್ಮ ಹಿರಿಯರು ಹೇಳಿದರು. ಅವರ ಕಾಲದಲ್ಲಿ ಗೃಹಸ್ಥನ ತಾಳ್ಮೆಯನ್ನು ಅಳೆಯುವುದಕ್ಕೆ ಈ ಎರಡು ಕೊಳಗಗಳೇ ಸಾಕಾಗಿದ್ದುವು. ಈಗ ಮನೆಗೆ ಕಂಪ್ಯೂಟರು ಬಂದ ಮೇಲೆ ಮೂರನೆಯದೊಂದು ಅಳತೆಯೂ ಸೇರಿಕೊಂಡಿದೆ. ಸುಸೂತ್ರವಾಗಿ ನಡೆಯುತ್ತಿದ್ದ ತಂತ್ರಾಂಶವೊಂದನ್ನು ಹೊಸ ಆವೃತ್ತಿಗೆ ಏರಿಸಿ, ಮರುದಿನ ಬೆಳಗ್ಗೆ ಅದರ ಮುಂದೆ ಕುಳಿತು ನೋಡುವುದೇ ಆ ಅಳತೆ. ಅದರಲ್ಲಿಯೂ ಆ ಆವೃತ್ತಿಯು ಪರೀಕ್ಷೆ ಮುಗಿಸಿಕೊಂಡು ಹೊರಬಂದುದಾಗಿರದೆ, ಕರ್ತೃಗಳ ಕೈಯಲ್ಲಿ ದಿನದಿನವೂ ಬದಲಾಗುತ್ತಿರುವ ‘ಅಭಿವೃದ್ಧಿ ಆವೃತ್ತಿ’ಯಾಗಿದ್ದರೆ ಕೇಳುವುದೇ ಬೇಡ. ಈ ವಿಷಯದಲ್ಲಿ ನಮ್ಮ ಮನೆಯಲ್ಲಿ ನಡೆದುದನ್ನೂ, ಅದರಿಂದ ಕಂಡುಕೊಂಡ ಕೆಲವು ಮಾತುಗಳನ್ನೂ ವಾಚಕರ ಮುಂದಿಡುವುದು ಈ ಲೇಖನದ ಉದ್ದೇಶ.

ಮೊದಲು ‘ಟೈಲಿಂಗ್ ವಿಂಡೋ ಮ್ಯಾನೇಜರು’ ಎಂದರೇನೆಂಬುದನ್ನು ಹೇಳಬೇಕು. ಕಂಪ್ಯೂಟರಿನಲ್ಲಿ ನಾವು ತೆರೆಯುವ ಪ್ರತಿಯೊಂದು ಕೆಲಸವೂ ಪರದೆಯ ಮೇಲೆ ಒಂದು ಚೌಕಟ್ಟಿನೊಳಗೆ ಕಾಣಿಸಿಕೊಳ್ಳುತ್ತದೆ; ಇದಕ್ಕೆ ವಿಂಡೋ, ಎಂದರೆ ಕಿಟಕಿ, ಎಂದು ಹೆಸರು. ಸಾಮಾನ್ಯವಾಗಿ ಈ ಕಿಟಕಿಗಳು ಮೇಜಿನ ಮೇಲೆ ಹರಡಿದ ಕಾಗದಗಳಂತೆ ಒಂದರ ಮೇಲೊಂದು ಬಿದ್ದಿರುತ್ತವೆ; ಬೇಕಾದುದನ್ನು ಮೌಸಿನಿಂದ ಹುಡುಕಿ ಮೇಲಕ್ಕೆ ಎಳೆದುಕೊಳ್ಳಬೇಕು. ಟೈಲಿಂಗ್ ಪದ್ಧತಿಯಲ್ಲಿ ಹಾಗಲ್ಲ. ಪಂಕ್ತಿ ಭೋಜನದಲ್ಲಿ ಎಲೆ ಹಾಕುವುದನ್ನು ವಾಚಕರು ನೆನೆದುಕೊಳ್ಳಲಿ. ಒಂದೆಲೆಯ ಮೇಲೆ ಮತ್ತೊಂದೆಲೆಯನ್ನು ಯಾರೂ ಹಾಸುವುದಿಲ್ಲ. ಹೊಸಬರೊಬ್ಬರು ಬಂದರೆ ಕುಳಿತವರೆಲ್ಲ ಸ್ವಲ್ಪ ಸ್ವಲ್ಪ ಸರಿದು ಎಡೆ ಕೊಡುತ್ತಾರೆ. ಒಬ್ಬರು ಎದ್ದರೆ ಉಳಿದವರು ಹರಡಿಕೊಳ್ಳುತ್ತಾರೆ. ಅದರಂತೆಯೇ ಇಲ್ಲಿ ಕಿಟಕಿಗಳು ಪರದೆಯನ್ನು ತಮ್ಮತಮ್ಮಲ್ಲಿ ಹಂಚಿಕೊಂಡು, ನೆಲಕ್ಕೆ ಹಾಸಿದ ಕಲ್ಲುಗಳಂತೆ ಒಂದರ ಪಕ್ಕದಲ್ಲೊಂದು ನಿಲ್ಲುತ್ತವೆ. ಅವುಗಳ ನಡುವೆ ಓಡಾಡುವುದು ಬಹುಮಟ್ಟಿಗೆ ಕೀಲಿಮಣೆಯಿಂದಲೇ.

ಈ ಪದ್ಧತಿಯು ಹೊಸದೇನೂ ಅಲ್ಲ. 1985ರಲ್ಲಿ ಬಂದ ಮೈಕ್ರೋಸಾಫ್ಟಿನ ಮೊದಲನೆಯ ವಿಂಡೋಸಿನಲ್ಲಿಯೂ ಕಿಟಕಿಗಳು ಪಕ್ಕಪಕ್ಕದಲ್ಲಿಯೇ ನಿಲ್ಲುತ್ತಿದ್ದುವು. ಒಂದರ ಮೇಲೊಂದು ಬೀಳುವ ಸ್ವಾತಂತ್ರ್ಯವು ಅವುಗಳಿಗೆ ದೊರೆತದ್ದು 1987ರ ಎರಡನೆಯ ಆವೃತ್ತಿಯಲ್ಲಿ. ಮುಂದೆ ಬಹುಜನರು ಮೌಸಿನ ದಾರಿಯನ್ನು ಹಿಡಿದರೂ, ಲಿನಕ್ಸ್ ಬಳಸುವವರಲ್ಲಿ ಕೆಲವರು ಹಳೆಯ ದಾರಿಯನ್ನು ಬಿಡಲಿಲ್ಲ. 2006ರಲ್ಲಿ ‘ಡಿಡಬ್ಲ್ಯುಎಂ’, 2007ರಲ್ಲಿ ‘ಎಕ್ಸ್‌ಮೊನಾಡ್’, 2009ರಲ್ಲಿ ‘ಐ-ತ್ರೀ’ ಎಂಬ ವಿಂಡೋ ಮ್ಯಾನೇಜರುಗಳು ಹುಟ್ಟಿದುವು. ಇವೆಲ್ಲವೂ 1984ರಲ್ಲಿ ಅಮೆರಿಕದ ಎಂ.ಐ.ಟಿ. ಸಂಸ್ಥೆಯಲ್ಲಿ ಹುಟ್ಟಿದ ‘ಎಕ್ಸ್’ ಎಂಬ ಚಿತ್ರವ್ಯವಸ್ಥೆಯನ್ನು ನಂಬಿಕೊಂಡಿದ್ದುವು. ಅದರ ಜಾಗದಲ್ಲಿ ನಿಲ್ಲಲೆಂದು 2008ರಲ್ಲಿ ‘ವೇಲ್ಯಾಂಡ್’ ಎಂಬುದು ಪ್ರಾರಂಭವಾಯಿತು. ಐ-ತ್ರೀಯ ನಡೆನುಡಿಗಳನ್ನೇ ವೇಲ್ಯಾಂಡಿನ ಮೇಲೆ ತರಬೇಕೆಂಬ ಉದ್ದೇಶದಿಂದ ಡ್ರೂ ಡಿವಾಲ್ಟ್ ಎಂಬವರು 2015ರಲ್ಲಿ ‘ಸ್ವೇ’ ಎಂಬುದನ್ನು ಬರೆಯತೊಡಗಿದರು, ಅದರ 1.0 ಎಂಬ ಆವೃತ್ತಿಯು 2019ರ ಮಾರ್ಚಿಯಲ್ಲಿ ಹೊರಬಂದಿತು. ನಮ್ಮ ಮನೆಯಲ್ಲಿ ಇರುವುದು ಇದೇ.

ಇಂಥ ವಸ್ತುವು ತಂತ್ರಜ್ಞರ ಚಪಲವಲ್ಲವೇ, ಸಂಸಾರಸ್ಥರ ಮನೆಯಲ್ಲಿ ಅದಕ್ಕೇನು ಕೆಲಸವೆಂದು ವಾಚಕರು ಕೇಳಬಹುದು. ಅದಕ್ಕೆ ಕಾರಣ ನಮ್ಮ ಸೋದರತ್ತೆಯವರು. ಅವರಿಗೆ ಈಗ ಎಪ್ಪತ್ತೆಂಟು ವರ್ಷ. ಮದುವೆಮುಂಜಿಗಳಲ್ಲಿ ಹಾಡುವ ಸೋಬಾನೆಗಳು, ಬೀಸುವ ಕಲ್ಲಿನ ಮುಂದಿನ ಹಾಡುಗಳು, ತೊಟ್ಟಿಲು ತೂಗುವಾಗಿನವು, ಹೀಗೆ ತಮ್ಮ ತಾಯಿಯಿಂದಲೂ ಅಜ್ಜಿಯಿಂದಲೂ ಬಂದ ಹಾಡುಗಳ ಒಂದು ಭಂಡಾರವೇ ಅವರ ಬಾಯಲ್ಲಿದೆ. ಅವನ್ನೆಲ್ಲ ತಾವೇ ಬರೆದಿಡಬೇಕೆಂದು ಅವರು ಸಂಕಲ್ಪಮಾಡಿರುವರು. ಆದರೆ ಅವರ ಕಣ್ಣಿಗೆ ಗ್ಲಾಕೋಮಾ ಬಂದಿದೆ. ಈ ರೋಗದಲ್ಲಿ ಕಣ್ಣಿನ ನರವು ಕೆಡುತ್ತ ಬಂದು, ದೃಷ್ಟಿಯು ಸಾಮಾನ್ಯವಾಗಿ ಅಂಚಿನಿಂದ ಒಳಕ್ಕೆ ಸವೆಯುತ್ತದೆ. ಔಷಧದಿಂದ ಇದ್ದುದನ್ನು ಉಳಿಸಿಕೊಳ್ಳಬಹುದಲ್ಲದೆ, ಹೋದುದು ಮರಳುವುದಿಲ್ಲ. ಪರದೆಯ ಮೇಲೆ ಓಡಾಡುವ ಮೌಸಿನ ಬಾಣವನ್ನು ಹುಡುಕುವುದು ಅವರಿಂದ ಆಗದು. ಅದಕ್ಕೆ ಬದಲಾಗಿ, ಎಡಗಡೆಯ ಕಿಟಕಿಗೆ ಈ ಕೀಲಿ, ಬಲಗಡೆಗೆ ಈ ಕೀಲಿ, ಬರೆಯುವ ಹಾಳೆಯು ಪರದೆಯನ್ನೆಲ್ಲ ತುಂಬಬೇಕಾದರೆ ಈ ಕೀಲಿ ಎಂದು ನಾಲ್ಕೈದನ್ನು ಬೆರಳುಗಳಿಗೆ ಕಲಿಸಿಕೊಂಡರೆ ಸಾಕು. ಕಣ್ಣಿನ ಕೆಲಸವನ್ನು ಬೆರಳು ಮಾಡಿಕೊಡುತ್ತದೆ. ಚಕ್ಕುಲಿ ಸುತ್ತುವ ಕೈಗೆ ಲೆಕ್ಕ ಹೇಳಿಕೊಡಬೇಕೆ? ಒಂದು ತಿಂಗಳಲ್ಲಿ ಅತ್ತೆಯವರು ಮನೆಯ ಹುಡುಗರಿಗಿಂತ ಚೆನ್ನಾಗಿ ಅದನ್ನು ಕಲಿತರು. ಕಿಟಕಿಗಳು ಎಂದೆಂದಿಗೂ ಅದೇ ಜಾಗದಲ್ಲಿರುತ್ತವೆ ಎಂಬ ಭರವಸೆಯೇ ಅವರ ವಿದ್ಯೆಯ ಆಧಾರ.

ಹಾಗಿದ್ದರೆ ಹೊಸ ಆವೃತ್ತಿಗೆ ಏಕೆ ಕೈ ಹಾಕಬೇಕಾಯಿತು? ಅಕ್ಷರಗಳು ದೊಡ್ಡದಾಗಿ ಕಾಣಲೆಂದು ಅವರಿಗಾಗಿ ದೊಡ್ಡ ಪರದೆಯೊಂದನ್ನು ತರಿಸಿದೆವು. ಇದ್ದ ಆವೃತ್ತಿಯೊಡನೆ ಅದು ಹೊಂದಿಕೊಳ್ಳದೆ ಆಗಾಗ ಮಿನುಗುತ್ತಿತ್ತು. ಅಭಿವೃದ್ಧಿ ಆವೃತ್ತಿಯೊಡನೆ ಚೆನ್ನಾಗಿ ನಡೆಯುವುದೆಂದು ಅದೇ ಪರದೆಯಿದ್ದ ಸ್ನೇಹಿತರೊಬ್ಬರು ತೋರಿಸಿದರು. ಮುಂದಿನ ಬಿಡುಗಡೆಯವರೆಗೆ ಕಾಯೋಣವೆಂದರೆ, ಬಿಡುಗಡೆಗಳು ತಿಂಗಳುಗಳ ಅಂತರದಲ್ಲಿ ಬರತಕ್ಕವು, 1.10 ಬಂದುದು 2024ರ ಅಕ್ಟೋಬರಿನಲ್ಲಿ, 1.11 ಬಂದುದು 2025ರ ಜೂನಿನಲ್ಲಿ. ಸವೆಯುತ್ತಿರುವ ಕಣ್ಣಿಗೆ ಎಂಟು ತಿಂಗಳು ಸಣ್ಣ ಅವಧಿಯಲ್ಲ. ಆದಕಾರಣ, ಇಂಜಿನಿಯರಿಂಗ್ ಓದುತ್ತಿರುವ ನಮ್ಮ ತಮ್ಮನ ಮಗನ ಸಹಾಯದಿಂದ, ಇದ್ದ ಆವೃತ್ತಿಯನ್ನು ತೆಗೆಯದೆ ಅದರ ಪಕ್ಕದಲ್ಲಿಯೇ ಹೊಸದನ್ನು ಮೂಲದಿಂದ ಕಟ್ಟಿ ನಿಲ್ಲಿಸಿದೆವು.

ಮರುದಿನ ಬೆಳಗ್ಗೆ ಪರದೆಯು ಕಪ್ಪಾಗಿಯೇ ಉಳಿಯಿತು. ಪ್ರವೇಶದ ಗುಪ್ತಪದವನ್ನು ಒತ್ತಿದರೆ ಒಂದು ಕ್ಷಣ ಕತ್ತಲೆ, ಮತ್ತೆ ಪ್ರವೇಶದ ಪುಟ, ಇದಿಷ್ಟೆ. ತಮ್ಮನ ಮಗನಿಗೆ ಮುಖವೇ ಬಾಡಿತು. ಅತ್ತೆಯವರು ಮಾತ್ರ, “ಹಾಡು ಇರುವುದು ನನ್ನ ಬಾಯಲ್ಲಪ್ಪ, ಆ ಪೆಟ್ಟಿಗೆಯಲ್ಲಲ್ಲ. ನೀನು ನಿಧಾನವಾಗಿ ನೋಡು” ಎಂದು ಹೇಳಿ, ಮೊಮ್ಮಗಳನ್ನು ಕರೆದು ನೋಟುಬುಕ್ಕಿನಲ್ಲಿ ಬರೆಯಿಸತೊಡಗಿದರು. ಆದರೆ ಬರೆಯಿಸುವುದು ಅವರಿಗೆ ಒಗ್ಗದು. ಹಾಡಿನಲ್ಲಿ ಒಂದು ಮಾತು ತಪ್ಪಿದರೆ ಹಿಂದಕ್ಕೆ ಹೋಗಿ ತಾವೇ ತಿದ್ದಬೇಕು. ಮಗುವಿಗೆ ಹತ್ತು ಸಲ ಹೇಳಿ ಬೇಸರಪಡಿಸುವುದಕ್ಕೆ ಅವರ ಮನಸ್ಸು ಒಪ್ಪುವುದಿಲ್ಲ. ಆ ದಿನ ಎರಡು ಹಾಡುಗಳು ಅರ್ಧಕ್ಕೇ ನಿಂತುವು.

ಇಂಥ ಸಮಯದಲ್ಲಿ ಮಾಡತಕ್ಕ ಮೊದಲನೆಯ ಕೆಲಸವು ಯಂತ್ರವು ಏನು ಹೇಳುತ್ತಿದೆಯೆಂಬುದನ್ನು ಕೇಳುವುದು. ರೋಗಿಯ ಮಾತನ್ನು ಕೇಳದೆ ಕಷಾಯ ಕಾಸುವ ವೈದ್ಯನುಂಟೆ? ಲಿನಕ್ಸಿನಲ್ಲಿ ಚಿತ್ರದ ಪರದೆಯು ಕೆಟ್ಟರೂ ಅದರ ಹಿಂದೆ ಬರಿಯ ಅಕ್ಷರಗಳ ಪರದೆಗಳು ಬೇರೆ ಇರುತ್ತವೆ. ಕಂಟ್ರೋಲ್, ಆಲ್ಟ್ ಎಂಬ ಕೀಲಿಗಳೊಡನೆ ಎಫ್-2 ಅಥವಾ ಎಫ್-3ನ್ನು ಒತ್ತಿದರೆ ಸಾಮಾನ್ಯವಾಗಿ ಅವುಗಳಲ್ಲೊಂದಕ್ಕೆ ಹೋಗಬಹುದು. ಅಲ್ಲಿಂದ ಸ್ವೇಯನ್ನು ಕೈಯಿಂದಲೇ ಪ್ರಾರಂಭಿಸಿ, ಅದು ಆಡುವ ಮಾತನ್ನೆಲ್ಲ ಒಂದು ಕಡತಕ್ಕೆ ಇಳಿಯುವಂತೆ ಮಾಡಿದೆವು. ಇದಕ್ಕೆ ಲಾಗ್ ಎಂದು ಹೆಸರು. ಲಾಗನ್ನು ಓದುವಾಗ ಒಂದು ನಿಯಮವುಂಟು: ಕೊನೆಯ ದೂರನ್ನಲ್ಲ, ಮೊದಲನೆಯ ದೂರನ್ನು ನೋಡಬೇಕು. ಏಕೆಂದರೆ ಒಂದು ಕೆಟ್ಟ ಮೇಲೆ ಅದನ್ನು ನಂಬಿದ ಹತ್ತು ಕೆಡುತ್ತವೆ. ಕೂಗು ಹೆಚ್ಚಾಗಿ ಕೇಳಿಸುವುದು ಆ ಹತ್ತರದು. ಇಲ್ಲಿ ಮಾತ್ರ ದೂರು ಒಂದೇ ಸಾಲಿನದಾಗಿತ್ತು. ‘ಡಬ್ಲ್ಯುಎಲ್-ರೂಟ್ಸ್’ ಎಂಬ ಗ್ರಂಥಾಲಯವು ಸಿಕ್ಕಲಿಲ್ಲವೆಂದು ಅದು ಹೇಳಿತು.

ಗ್ರಂಥಾಲಯವೆಂದರೆ ಇಲ್ಲಿ ಪುಸ್ತಕಗಳ ಮನೆಯಲ್ಲ; ಹಲವು ತಂತ್ರಾಂಶಗಳು ಸಾಮಾನ್ಯವಾಗಿ ಬಳಸಿಕೊಳ್ಳುವ ಸಿದ್ಧ ಕೆಲಸಗಳ ಕಟ್ಟು. ಪರದೆಯನ್ನು ಹಚ್ಚುವುದು, ಕೀಲಿಮಣೆಯ ಮಾತನ್ನು ಕೇಳುವುದು ಮುಂತಾದ ಹೊರೆಗೆಲಸವನ್ನೆಲ್ಲ ಸ್ವೇ ತಾನೇ ಮಾಡುವುದಿಲ್ಲ. ಅದಕ್ಕಾಗಿ ಡಬ್ಲ್ಯುಎಲ್-ರೂಟ್ಸ್ ಎಂಬುದನ್ನು ನಂಬಿದೆ. ಸ್ವೇಯ ಕರ್ತೃಗಳೇ 2017ರಲ್ಲಿ ಅದನ್ನು ಪ್ರಾರಂಭಿಸಿದರು. ಇಂದು ಬೇರೆ ಹಲವು ತಂತ್ರಾಂಶಗಳೂ ಅದನ್ನು ಬಳಸುತ್ತವೆ. ಇದು ಇನ್ನೂ ಬೆಳೆಯುತ್ತಿರುವ ವಸ್ತುವಾದುದರಿಂದ, ಒಂದು ಬಿಡುಗಡೆಯಿಂದ ಇನ್ನೊಂದಕ್ಕೆ ಅದರ ಒಳಗಿನ ಒಪ್ಪಂದಗಳು ಬದಲಾಗುತ್ತವೆ. ಸ್ವೇ 1.10ಕ್ಕೆ ಅದರ 0.18 ಬೇಕು, 1.11ಕ್ಕೆ 0.19 ಬೇಕು. ಅಭಿವೃದ್ಧಿ ಆವೃತ್ತಿಗೆ ಅಭಿವೃದ್ಧಿಯಲ್ಲಿರುವ ಗ್ರಂಥಾಲಯವೇ ಬೇಕು. ಒಂದು ಊರಿನ ಸೇರು ಇನ್ನೊಂದು ಊರಿನ ಕೊಳಗಕ್ಕೆ ಸರಿಹೋಗದಿರುವಂತೆ, ಇದರ ಆವೃತ್ತಿಯು ಅದರ ಆವೃತ್ತಿಗೆ ಹೊಂದದಿದ್ದರೆ ವ್ಯವಹಾರವೇ ನಡೆಯದು.

ಆದರೆ ತಕ್ಕ ಗ್ರಂಥಾಲಯವನ್ನು ನಾವು ಸ್ವೇಗಿಂತ ಮೊದಲೇ ಕಟ್ಟಿ ನಿಲ್ಲಿಸಿದ್ದೆವು. ಹುಡುಕಿ ನೋಡಿದರೆ ಕಡತವು ಇರಬೇಕಾದ ಜಾಗದಲ್ಲಿಯೇ ಇತ್ತು. ಇದ್ದುದು ಏಕೆ ಸಿಕ್ಕಲಿಲ್ಲ? ಇದಕ್ಕೆ ಉತ್ತರವು ನಿಜವಾದ ಪುಸ್ತಕಾಲಯಗಳ ವ್ಯವಹಾರವನ್ನು ಬಲ್ಲವರಿಗೆ ಕೂಡಲೆ ಹೊಳೆಯುವುದು. ಪುಸ್ತಕವು ಬೀರುವಿನಲ್ಲಿದೆ, ಪಟ್ಟಿಯಲ್ಲಿ ಹತ್ತಿಲ್ಲ. ತಂತ್ರಾಂಶವು ಪ್ರಾರಂಭವಾಗುವಾಗ ತನಗೆ ಬೇಕಾದ ಗ್ರಂಥಾಲಯಗಳಿಗಾಗಿ ಲಿನಕ್ಸು ಬೀರುಗಳನ್ನೆಲ್ಲ ಜಾಲಾಡುವುದಿಲ್ಲ. ಮೊದಲೇ ಬರೆದಿಟ್ಟ ಪಟ್ಟಿಯೊಂದನ್ನು ನೋಡುತ್ತದೆ. ವಿತರಣೆಯ ಭಂಡಾರದಿಂದ ತಂದ ತಂತ್ರಾಂಶವಾದರೆ ಈ ಪಟ್ಟಿಯು ತಾನಾಗಿಯೇ ಹೊಸದಾಗುತ್ತದೆ. ಮನೆಯಲ್ಲಿ ಕಟ್ಟಿದ್ದಾದರೆ ಅದನ್ನು ಹೊಸದು ಮಾಡುವಂತೆ ಬೇರೆಯಾಗಿ ಹೇಳಬೇಕಾಗಬಹುದು. ಅದಕ್ಕೆ ‘ಎಲ್‌ಡಿ-ಕಾನ್ಫಿಗ್’ ಎಂಬ ಒಂದು ಆಜ್ಞೆಯುಂಟು. ಅದನ್ನು ಕೊಟ್ಟೆವು, ಅರೆಕ್ಷಣವೂ ಹಿಡಿಯಲಿಲ್ಲ. ಮತ್ತೆ ಪ್ರಾರಂಭಿಸಿದಾಗ ದೊಡ್ಡ ಪರದೆಯು ಮಿನುಗದೆ, ನಿಶ್ಚಲವಾಗಿ ಬೆಳಗಿತು. 0.18ರಿಂದ ಈಚೆಗೆ ಈ ಗ್ರಂಥಾಲಯದ ಹೆಸರಿನಲ್ಲಿಯೇ ಆವೃತ್ತಿಯ ಸಂಖ್ಯೆಯು ಸೇರಿರುವುದರಿಂದ ಹಳೆಯದೂ ಹೊಸದೂ ಒಂದನ್ನೊಂದು ತುಳಿಯದೆ ಒಂದೇ ಮನೆಯಲ್ಲಿ ಬಾಳಬಲ್ಲವು. ಇದು ಕರ್ತೃಗಳು ಮಾಡಿದ ದೊಡ್ಡ ಉಪಕಾರ.

ಅತ್ತೆಯವರು ಸಂತೋಷದಿಂದ ಬಂದು ಕುಳಿತರು. ಅರ್ಧ ಪುಟ ಬರೆದರು. ಅನಂತರ, ಹಿಂದೆ ಬರೆದ ಹಾಡನ್ನು ನೋಡಲೆಂದು ಎಡಗಡೆಯ ಕಿಟಕಿಗೆ ಹೋಗುವ ಕೀಲಿಗಳನ್ನು ಒತ್ತಿದರು. ಏನೂ ಆಗಲಿಲ್ಲ. ಬಲಗಡೆಗೂ ಇಲ್ಲ, ಪರದೆ ತುಂಬುವ ಕೀಲಿಯೂ ಇಲ್ಲ. ಎರಡು ಮೂರು ಸಲ ಒತ್ತಿ ನೋಡಿ, ಕೈಗಳನ್ನು ಮಡಿಲಲ್ಲಿಟ್ಟುಕೊಂಡು, “ನನ್ನ ಬೆರಳಿಗೂ ಮರೆವು ಬಂತೇನೋ” ಎಂದರು. ಕಪ್ಪು ಪರದೆಯನ್ನು ಕಂಡಾಗ ಆಗದ ವ್ಯಸನವು ಈ ಮಾತನ್ನು ಕೇಳಿ ನಮಗೆ ಆಯಿತು. ಕಣ್ಣನ್ನು ನಂಬಲಾರದೆ ಬೆರಳನ್ನು ನಂಬಿದವರಿಗೆ ಬೆರಳಿನ ಮೇಲೂ ಸಂದೇಹ ಬರುವಂತಾದರೆ ಉಳಿದುದೇನು?

ಹೊಸ ಆವೃತ್ತಿಯೇ ಇದಕ್ಕೆ ಕಾರಣವೆಂದು ಮನೆಮಂದಿಯೆಲ್ಲ ಒಂದೇ ಮಾತಾಗಿ ತೀರ್ಪು ಕೊಟ್ಟರು. ನಿನ್ನೆ ಏರಿಸಿದ್ದು, ಇಂದು ಕೆಟ್ಟದ್ದು. ಇದಕ್ಕಿಂತ ಸಾಕ್ಷಿ ಬೇಕೆ? ಆದರೆ ಕಾಗೆ ಕೂರುವುದಕ್ಕೂ ಟೊಂಗೆ ಮುರಿಯುವುದಕ್ಕೂ ಸರಿಹೋದ ಮಾತ್ರಕ್ಕೆ ಟೊಂಗೆಯನ್ನು ಕಾಗೆಯೇ ಮುರಿಯಿತೆನ್ನಲಾಗದು. ಆ ವಾರದಲ್ಲಿ ಬದಲಾದುದು ಆವೃತ್ತಿಯೊಂದೇ ಅಲ್ಲ, ಪರದೆಯು ಬದಲಾಗಿತ್ತು, ದಪ್ಪಕ್ಷರದ ಹೊಸ ಕೀಲಿಮಣೆಯು ಬಂದಿತ್ತು, ಅದನ್ನು ಜೋಡಿಸುವಾಗ ತಮ್ಮನ ಮಗನು ಕನ್ನಡ ಬರೆಯುವ ಕ್ರಮವನ್ನೂ ಸರಳಗೊಳಿಸಿದ್ದನು. ನಾಲ್ಕು ಬದಲಾವಣೆಗಳಲ್ಲಿ ಯಾವುದು ಕಾರಣವೆಂದು ತಿಳಿಯಬೇಕಾದರೆ ಒಂದೊಂದನ್ನೇ ಹಿಂದಕ್ಕೆ ತೆಗೆದು ನೋಡಬೇಕು. ಹಳೆಯ ಆವೃತ್ತಿಯು ಇದ್ದೇ ಇತ್ತಲ್ಲ, ಅದೇ ಕಾನ್ಫಿಗ್ ಕಡತದೊಡನೆ ಅದನ್ನು ಪ್ರಾರಂಭಿಸಿದೆವು. ಅಲ್ಲಿಯೂ ಕೀಲಿಗಳು ಕೆಲಸ ಮಾಡಲಿಲ್ಲ. ಹೊಸ ಆವೃತ್ತಿಯು ನಿರಪರಾಧಿಯೆಂದು ಐದು ನಿಮಿಷದಲ್ಲಿ ಸಿದ್ಧವಾಯಿತು. ಮುಂದೆ, ಕೀಲಿಮಣೆಯನ್ನು ಇಂಗ್ಲಿಷಿಗೆ ತಿರುಗಿಸಿ ಒತ್ತಿದೆವು. ಎಲ್ಲವೂ ಸರಿಯಾಗಿ ನಡೆಯಿತು. ಕನ್ನಡಕ್ಕೆ ತಿರುಗಿಸಿದೊಡನೆ ನಿಂತುಹೋಯಿತು.

ಕಾರಣವು ಹೀಗೆ: ಅತ್ತೆಯವರು ಮೊದಲು ಕನ್ನಡವನ್ನು ಬರೆಯುತ್ತಿದ್ದುದು ಬೇರೊಂದು ಸಹಾಯಕ ತಂತ್ರಾಂಶದ ಮೂಲಕ. ಅದರಲ್ಲಿ ಕೀಲಿಮಣೆಯು ಒಳಗೆ ಇಂಗ್ಲಿಷಾಗಿಯೇ ಇದ್ದು, ಅಕ್ಷರಗಳು ಮಾತ್ರ ಕನ್ನಡವಾಗಿ ಹೊರಬರುತ್ತಿದ್ದುವು. ಈಗಿನ ಕ್ರಮದಲ್ಲಿ ಕೀಲಿಮಣೆಯ ವಿನ್ಯಾಸವೇ ಕನ್ನಡವಾಗುತ್ತದೆ. ಶ್ರೀ ಕೆ. ಪಿ. ರಾಯರ ಧ್ವನ್ಯನುಸಾರಿ ವಿನ್ಯಾಸವು ಕನ್ನಡ ಗಣಕ ಪರಿಷತ್ತಿನ ಹೆಸರಿನಿಂದ ‘ಕಗಪ’ವೆಂದು ಕರೆಸಿಕೊಂಡು ಲಿನಕ್ಸಿನಲ್ಲಿ ಸಿದ್ಧವಾಗಿಯೇ ದೊರೆಯುವುದೆಂಬುದು ಕನ್ನಡಿಗರಿಗೆ ಸಂತೋಷದ ಸಂಗತಿ. ಆದರೆ ಆ ವಿನ್ಯಾಸದಲ್ಲಿ ‘ಎಚ್’ ಎಂಬ ಕೀಲಿಯು ‘ಹ’ ಎಂದೇ ಹೇಳುತ್ತದೆ. ಸ್ವೇಯ ಕಾನ್ಫಿಗ್ ಕಡತದಲ್ಲಿಯೋ ‘ಎಚ್’ ಎಂಬ ಅಕ್ಷರವು ಬಂದರೆ ಎಡಕ್ಕೆ ಹೋಗು ಎಂದು ಬರೆದಿದೆ. ‘ಹ’ ಬಂದರೆ ಏನು ಮಾಡಬೇಕೆಂದು ಅದಕ್ಕೆ ಯಾರೂ ಹೇಳಿಲ್ಲ. ಬೆರಳೂ ಸರಿ, ಕೀಲಿಯೂ ಸರಿ. ಕೂಗಿದ ಹೆಸರು ಮಾತ್ರ ಬೇರೆ. ಹೆಸರು ಬದಲಾದವನಿಗೆ ಹಳೆಯ ಹೆಸರಿನಲ್ಲಿ ಕಾಗದ ಹಾಕಿದರೆ ಅಂಚೆಯವನಾದರೂ ಏನು ಮಾಡಿಯಾನು?

ಪರಿಹಾರವೂ ಸ್ವೇಯಲ್ಲಿಯೇ ಇದೆ. ಕಾನ್ಫಿಗ್ ಕಡತದಲ್ಲಿ ಕೀಲಿಗೆ ಕೆಲಸವನ್ನು ಗಂಟುಹಾಕುವ ‘ಬೈಂಡ್‌ಸಿಮ್’ ಎಂಬ ಸಾಲುಗಳಿರುತ್ತವೆ. ಆ ಮಾತಿನ ಮುಂದೆ ಎರಡು ಅಡ್ಡಗೆರೆಗಳೊಡನೆ ‘ಟು-ಕೋಡ್’ ಎಂದು ಸೇರಿಸಿದರೆ, ಕೀಲಿಯು ಹೇಳುವ ಅಕ್ಷರವನ್ನು ಬಿಟ್ಟು ಮಣೆಯ ಮೇಲೆ ಅದಿರುವ ಸ್ಥಾನವನ್ನೇ ಸ್ವೇ ಗಮನಿಸುತ್ತದೆ. ಆಗ ಭಾಷೆ ಯಾವುದಾದರೇನು, ಜಾಗ ಅದೇ. ಸಾಲುಗಳನ್ನೆಲ್ಲ ತಿದ್ದಿ, ಕಾನ್ಫಿಗ್ ಕಡತವನ್ನು ಮತ್ತೆ ಓದಿಸಿ, ಅತ್ತೆಯವರನ್ನು ಕರೆದೆವು. ಅವರು ಕುಳಿತು, ಪರದೆಯ ಕಡೆಗೆ ನೋಡದೆಯೇ ಎಡಕ್ಕೆ, ಬಲಕ್ಕೆ, ಮತ್ತೆ ಎಡಕ್ಕೆ ಹೋಗಿ ಬಂದು, “ಮರೆವು ಬೆರಳಿಗಲ್ಲವಂತೆ” ಎಂದು ನಕ್ಕರು.

ನಮ್ಮ ಮನೆಯ ತೊಂದರೆಗಳು ಹೀಗೆ ಎರಡರಲ್ಲಿಯೇ ತೀರಿದುವು. ಎಲ್ಲರಿಗೂ ಹೀಗೆಯೇ ತೀರಬೇಕೆಂದಿಲ್ಲವಾದುದರಿಂದ, ಬೇರೆ ಬಗೆಯವು ಬಂದಲ್ಲಿ ಏನು ಮಾಡಬಹುದೆಂಬುದನ್ನೂ ಹೇಳುತ್ತೇವೆ. ಪರದೆಯು ಬೆಳಗಿದರೂ ಅದರ ನೆತ್ತಿಯ ಮೇಲೆ ದೋಷ ತಿಳಿಸುವ ಪಟ್ಟಿಯೊಂದು ಕಾಣಿಸಿಕೊಂಡರೆ, ಕಾನ್ಫಿಗ್ ಕಡತದ ಯಾವುದೋ ಸಾಲನ್ನು ಹೊಸ ಆವೃತ್ತಿಯು ಒಪ್ಪಲಿಲ್ಲವೆಂದು ಅರ್ಥ; ಎಷ್ಟನೆಯ ಸಾಲೆಂಬುದನ್ನು ಅದೇ ಹೇಳುತ್ತದೆ. ಸ್ವೇಯನ್ನು ಪ್ರಾರಂಭಿಸದೆಯೇ ಕಡತವನ್ನು ಪರೀಕ್ಷಿಸುವ ಆಜ್ಞೆಯೂ ಉಂಟು. ದೋಷವು ಕಡತದಲ್ಲಿದೆಯೋ ತಂತ್ರಾಂಶದಲ್ಲಿದೆಯೋ ಎಂಬ ಸಂದೇಹ ಬಂದರೆ, ಅದರೊಡನೆ ಬರುವ ಮಾದರಿಯ ಕಡತವನ್ನು ಕೊಟ್ಟು ನೋಡಬೇಕು. ಅದರಿಂದ ಸರಿಹೋದರೆ ದೋಷವು ನಮ್ಮ ಕಡತದಲ್ಲಿದೆಯೆಂದು ತಿಳಿಯಿತು. ಆಗ ಅದರ ಅರ್ಧವನ್ನು ಮುಚ್ಚಿಟ್ಟು, ಮತ್ತೆ ಅರ್ಧದಲ್ಲಿ ಅರ್ಧವನ್ನು ಮುಚ್ಚಿಟ್ಟು ಹುಡುಕುತ್ತ ಹೋದರೆ ತಪ್ಪಿನ ಸಾಲು ಬೇಗನೆ ಸಿಕ್ಕುವುದು.

ಹಳೆಯ ಆವೃತ್ತಿಯಲ್ಲಿ ಇಲ್ಲದ ದೋಷವು ಹೊಸದರಲ್ಲಿ ನಿಶ್ಚಯವಾಗಿ ಇದ್ದರೆ, ಇದೇ ಅರ್ಧಿಸುವ ಉಪಾಯವನ್ನು ತಂತ್ರಾಂಶದ ಚರಿತ್ರೆಯ ಮೇಲೆಯೇ ಪ್ರಯೋಗಿಸಬಹುದು. ಕರ್ತೃಗಳು ಮಾಡಿದ ಒಂದೊಂದು ಬದಲಾವಣೆಯೂ ‘ಗಿಟ್’ ಎಂಬ ಪುಸ್ತಕದಲ್ಲಿ ದಾಖಲಾಗಿರುತ್ತದೆ. ಒಳ್ಳೆಯದೆಂದು ತಿಳಿದ ಆವೃತ್ತಿಗೂ ಕೆಟ್ಟದೆಂದು ತಿಳಿದ ಆವೃತ್ತಿಗೂ ನಡುವೆ 1,000 ಬದಲಾವಣೆಗಳಿದ್ದರೂ, ಸರಿಯಾಗಿ ಮಧ್ಯದ್ದನ್ನು ಕಟ್ಟಿ ಪರೀಕ್ಷಿಸಿ, ಒಳ್ಳೆಯದೋ ಕೆಟ್ಟದೋ ಎಂದು ಹೇಳುತ್ತ ಹೋದರೆ, ಸುಮಾರು 10 ಪರೀಕ್ಷೆಗಳಲ್ಲಿ ಅಪರಾಧಿಯು ಒಬ್ಬನೇ ಉಳಿಯುತ್ತಾನೆ. ನಿಘಂಟಿನಲ್ಲಿ ಪದವನ್ನು ಹುಡುಕುವಾಗ ನಾವೆಲ್ಲರೂ ಮಾಡುವುದು ಇದನ್ನೇ. ಗಿಟ್‌ನಲ್ಲಿ ಇದಕ್ಕೆ ‘ಬೈಸೆಕ್ಟ್’ ಎಂದು ಹೆಸರು. ಹೀಗೆ ಕಂಡುಹಿಡಿದುದನ್ನು ಆವೃತ್ತಿಯ ಸಂಖ್ಯೆ, ಲಾಗ್, ಏನು ಮಾಡಿದಾಗ ಏನಾಯಿತೆಂಬ ವಿವರ ಇವುಗಳೊಡನೆ ಕರ್ತೃಗಳಿಗೆ ತಿಳಿಸಬೇಕು. ‘ನಡೆಯುವುದಿಲ್ಲ’ ಎಂಬ ಒಂದೇ ಮಾತಿನ ದೂರು ಯಾರಿಗೂ ಪ್ರಯೋಜನವಿಲ್ಲ. ಅಭಿವೃದ್ಧಿ ಆವೃತ್ತಿಯೆಂಬುದು ಮಗ್ಗದ ಮೇಲಿನ ಬಟ್ಟೆ. ಎಳೆ ತಪ್ಪಿದ್ದನ್ನು ತೋರಿಸಿದವನಿಗೆ ನೇಯುವವನು ಕೃತಜ್ಞನಾಗುತ್ತಾನೆ, ಬೈದವನಿಗಲ್ಲ.

ಮತ್ತೊಂದು ಜಾಗರೂಕತೆಯನ್ನು ನಾವು ಈಗ ಮನೆಯ ನಿಯಮವನ್ನಾಗಿ ಮಾಡಿಕೊಂಡಿದ್ದೇವೆ. ಸ್ವೇಯನ್ನು ನಡೆಯುತ್ತಿರುವ ಸ್ವೇಯ ಒಳಗೇ, ಒಂದು ಕಿಟಕಿಯಾಗಿ, ತೆರೆಯಬಹುದು. ಪರದೆ, ಕೀಲಿಮಣೆಗಳಂಥ ಯಂತ್ರಭಾಗಗಳ ಗುಣವು ಅದರಲ್ಲಿ ಪೂರ್ತಿ ತಿಳಿಯದಾದರೂ, ಕಿಟಕಿಗಳ ನಡೆಯನ್ನೂ ಕಡತದ ಸಾಲುಗಳನ್ನೂ ಪರೀಕ್ಷಿಸುವುದಕ್ಕೆ ಅದು ಸಾಕು. ಹೊಸದು ಯಾವುದೇ ಬಂದರೂ ಮೊದಲು ಆ ಕಿಟಕಿಯೊಳಗೆ ಹಗಲೆಲ್ಲ ನಡೆದು ತೋರಿಸಬೇಕು. ಅತ್ತೆಯವರ ಪೀಠಕ್ಕೆ ಬರುವುದು ಆಮೇಲೆ. ಅವರು ಬರೆಯುತ್ತಿರುವ ಆವೃತ್ತಿಯನ್ನು ಅದು ನಿಂತಲ್ಲಿಯೇ ನಿಲ್ಲಿಸಿದ್ದೇವೆ.

ಇಷ್ಟೆಲ್ಲ ಶ್ರಮಪಡುವುದಕ್ಕಿಂತ ಅಂಗಡಿಯಿಂದ ಸಿದ್ಧವಾದುದೊಂದನ್ನು ತಂದು, ಅದು ಹೇಳಿದಂತೆ ನಾವು ಕೇಳಿಕೊಂಡಿರುವುದು ಸುಲಭವೆಂದು ಕೆಲವರು ಹೇಳಬಹುದು. ಹಲವರಿಗೆ ಅದೇ ಸರಿಯಾದ ದಾರಿಯೂ ಅಹುದು. ಆದರೆ ಮುಚ್ಚಳ ತೆಗೆಯಬಾರದ ಯಂತ್ರದಲ್ಲಿ ಮುದುಕಿಯೊಬ್ಬಳ ಬೆರಳು ಕಲಿತ ವಿದ್ಯೆಗೆ ಬೆಲೆಯಿರದು. ಯಾರೋ ಎಲ್ಲಿಯೋ ಗುಂಡಿಯ ಜಾಗವನ್ನು ಬದಲಾಯಿಸಿದರೆ ಅವಳು ಮೊದಲಿನಿಂದ ಕಲಿಯಬೇಕು, ಇಲ್ಲವೆ ಸುಮ್ಮನಿರಬೇಕು. ತೆರೆದು ನೋಡಬಹುದಾದುದು ಕೆಟ್ಟರೂ, ಏಕೆ ಕೆಟ್ಟಿತೆಂದು ತಿಳಿಯಬಹುದು, ತಿಳಿದರೆ ತಿದ್ದಬಹುದು. ಎರಡು ದಿನದ ಶ್ರಮದಲ್ಲಿ ನಮ್ಮ ಮನೆಯ ಹುಡುಗನು ಲಾಗ್ ಓದುವುದನ್ನು ಕಲಿತನು. ಗುಂಪಿನ ತೀರ್ಪಿಗಿಂತ ಒಂದು ಸಣ್ಣ ಪರೀಕ್ಷೆಯು ಮೇಲೆಂಬುದನ್ನು ನಾವೆಲ್ಲರೂ ಕಂಡೆವು. ಅರ್ಧಕ್ಕೆ ನಿಂತಿದ್ದ ಎರಡು ಹಾಡುಗಳು ಮೂರನೆಯ ದಿನದ ಸಂಜೆಯೊಳಗೆ ಪೂರ್ತಿಯಾದುವು. ಈಗ ಅವುಗಳ ಸಂಖ್ಯೆಯು ನೂರನ್ನು ದಾಟಿದೆ. ಇನ್ನೂ ಎಷ್ಟಿವೆಯೆಂದು ಕೇಳಿದರೆ ಅತ್ತೆಯವರು ಲೆಕ್ಕ ಹೇಳುವುದಿಲ್ಲ, ಮುಂದಿನದನ್ನು ಪ್ರಾರಂಭಿಸುತ್ತಾರೆ.